ಹಬ್ಬಕ್ಕೆ ಊರಿಗೆ ಹೊರಟಾಗ ಮೇಲ್‌ಗೆ ಯಾವ ಉತ್ತರ ಬಿಟ್ಟು ಹೋಗಬೇಕು?

ದೀಪಾವಳಿಯ ಹಿಂದಿನ ಸಂಜೆ ನಮ್ಮ ಆಫೀಸಿನಲ್ಲಿ ಒಂದು ಪ್ರಸಂಗ ಪ್ರತಿ ವರ್ಷ ನಡೆಯುತ್ತದೆ. ಐದೂವರೆ ಆಗಿರುತ್ತದೆ. ಬ್ಯಾಗ್ ಹೆಗಲಿಗೇರಿರುತ್ತದೆ. ಪರ್ಚೇಸ್ ಸೆಕ್ಷನ್ನಿನ ಮುಧೋಳದ ಹುಡುಗ ಬಾಗಿಲಲ್ಲೇ ನಿಂತು ಕೇಳುತ್ತಾನೆ: "ಅಕ್ಕಾರ, ಆ ಔಟ್ ಆಫ್ ಆಫೀಸ್ ಮೆಸೇಜ್ ಹಾಕೋದು ಮರತೇ ಹೋಗೈತ್ರಿ. ಹೋದ ವರ್ಷದ್ದು ಇದ್ರ ಕೊಡ್ರಿ."

ನಾವು ರಜೆಯಲ್ಲಿದ್ದಾಗ ಬಂದ ಮೇಲ್‌ಗೆ ತಾನಾಗಿ ಹೋಗುವ ಉತ್ತರ ಅದು. ಒಂದು ಸಲ ಕೊಟ್ಟೆ. ಹಾಗೇ ಅಂಟಿಸಿ ಬಸ್ ಹತ್ತಿದ. ಅದರಲ್ಲಿ ಹೋದ ವರ್ಷದ ತಾರೀಖೇ ಇತ್ತು. ನಾಲ್ಕು ದಿನ ಅವನಿಗೆ ಮೇಲ್ ಕಳಿಸಿದವರಿಗೆಲ್ಲ, ಅವನು ಒಂದು ವರ್ಷದ ಹಿಂದೆಯೇ ವಾಪಸ್ ಬಂದಾಗಿದೆ ಅಂತ ಉತ್ತರ ಹೋಯಿತು.

ನಾನಿರುವುದು ಬೆಳಗಾವಿಯ ಉದ್ಯಮಬಾಗದಲ್ಲಿ ಲೋಹದ ಎರಕ ಹೊಯ್ಯುವ ಒಂದು ಫೌಂಡ್ರಿಯ ಎಕ್ಸ್‌ಪೋರ್ಟ್ ಸೆಕ್ಷನ್ನಿನಲ್ಲಿ. ದಿನದ ಅರ್ಧ ಕೆಲಸ ಮೇಲ್ ಬರೆಯುವುದೇ. ವರ್ಷಕ್ಕೆ ಐದಾರು ಸಲ ರಜೆಯ ಮೆಸೇಜ್ ಹಾಕುತ್ತೇನೆ, ಬೇರೆಯವರಿಗೂ ಬರೆದುಕೊಡುತ್ತೇನೆ. ಸಾದಾ ಬರೆದಿದ್ದೇನೆ, ತಮಾಷೆ ಮಾಡಿ ಬೈಸಿಕೊಂಡಿದ್ದೇನೆ, ಪದ್ಯ ಕೂಡ ಹೊಸೆದಿದ್ದೇನೆ. ಯಾವುದು ಎಲ್ಲಿ ನಡೆಯುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನುವುದು ಈಗೀಗ ಸ್ವಲ್ಪ ಗೊತ್ತಾಗಿದೆ.

ಮೊದಲು ಒಂದು ಮಾತು. ಮೇಲ್ ಕಳಿಸಿದವರಿಗೆ ಬೇಕಾದ್ದು ಮೂರೇ ಸಂಗತಿ. ನೀವು ಯಾವತ್ತು ಬರುತ್ತೀರಿ, ಅಲ್ಲಿತನಕ ಯಾರನ್ನು ಕೇಳಬೇಕು, ಈಗ ಕಳಿಸಿದ ಮೇಲ್ ಏನಾಗುತ್ತದೆ. ನಿಮ್ಮ ಜಾಣ್ಮೆ, ಹಾಸ್ಯ, ಹಬ್ಬದ ಸಡಗರ ಎಲ್ಲ ಸೇರಿ ಒಂದು ಸಾಲು, ಜಾಸ್ತಿ ಅಂದರೆ ಎರಡು. ಆ ಒಂದು ಸಾಲು ಹೇಗಿರಬೇಕು ಅನ್ನುವುದಷ್ಟೇ ಇಲ್ಲಿನ ಆಯ್ಕೆ. ಮೂರು ಸಂಗತಿಗಳ ಜೊತೆ ಆಟ ಆಡಬೇಡಿ. "ದೇವರು ಇಟ್ಟಂಗ ಆಗಲಿ, ಬಂದಾಗ ನೋಡೋಣ" ಅಂತ ಹಾಕಿ ಹೋದವರನ್ನು ನಾನು ಬಲ್ಲೆ. ಕೇಳಲು ಚೆಂದ. ಟ್ರಕ್ ಗೇಟಿನಲ್ಲಿ ನಿಂತಿದ್ದಾಗ ಚೆಂದ ಅಲ್ಲ.

ಸಾದಾ ಬರೆದರೆ ಏನಾಯಿತು?

ಸಾದಾ ಮೆಸೇಜ್ ಅಂದರೆ ಕೀಳು ಅಂತ ಯಾರೂ ತಿಳಿಯಬೇಕಿಲ್ಲ. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿ, ಪರೀಕ್ಷೆಯ ವಿಭಾಗ, ಇಂಥ ಕಡೆ ಇರುವವರು ಸಾದಾನೇ ಹಾಕಬೇಕು. ಅವರಿಗೆ ಮೇಲ್ ಬರೆಯುವವರು ಖುಷಿಗೆ ಬರೆಯುವುದಿಲ್ಲ. ಅಂಕಪಟ್ಟಿ ಸಿಗದ ಹುಡುಗನಿಗೆ ನಿಮ್ಮ ಶೇಂಗಾ ಹೋಳಿಗೆಯ ಸುದ್ದಿ ಯಾಕೆ?

ಆದರೆ ಸಾದಾ ಬರೆಯುವವರು ಮಾಡುವ ತಪ್ಪೊಂದಿದೆ. ಮೊದಲ ಸಾಲಿನಲ್ಲೇ "ನಿಮ್ಮ ಮೇಲ್‌ಗೆ ಧನ್ಯವಾದಗಳು", ಎರಡನೇ ಸಾಲಿನಲ್ಲಿ "ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇನೆ", ತಾರೀಖು ನೋಡಿದರೆ ಐದನೇ ಸಾಲಿನಲ್ಲಿ. ಮೊಬೈಲಿನಲ್ಲಿ ಮೇಲ್ ತೆರೆಯದೆ ಹೊರಗಿನಿಂದಲೇ ಒಂದೆರಡು ಸಾಲು ಓದುವವರೇ ಜಾಸ್ತಿ. ಆ ಒಂದೆರಡು ಸಾಲಿನಲ್ಲೇ ತಾರೀಖು ಬರಲಿ:

"ನವೆಂಬರ್ 14, ಶುಕ್ರವಾರದವರೆಗೆ ರಜೆಯಲ್ಲಿದ್ದೇನೆ. ಸೋಮವಾರ, ನವೆಂಬರ್ 17ಕ್ಕೆ ಬಂದು ಉತ್ತರಿಸುತ್ತೇನೆ. ಅಲ್ಲಿಯವರೆಗೆ ಡಿಸ್ಪ್ಯಾಚ್ ವಿಭಾಗಕ್ಕೆ ಬರೆಯಿರಿ."

ಇಷ್ಟು ಸಾಕು. ತಾರೀಖಿನ ಜೊತೆ ವಾರ ಹಾಕಿದ್ದನ್ನು ಗಮನಿಸಿ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲೇ ಬರೆದಿದ್ದೇನೆ. ಇದನ್ನು ಕಲಿಯಲು ನನಗೊಂದು ಹೋಳಿ ಬೇಕಾಯಿತು. ನನ್ನ ತವರು ಬಾಗಲಕೋಟೆ. ಅಲ್ಲಿ ಹೋಳಿ ಅಂದರೆ ಒಂದು ದಿನದ ಆಟವಲ್ಲ. ಹಲಗೆ ಬಾರಿಸುವುದು ಮುಂಚೆಯೇ ಶುರುವಾಗುತ್ತದೆ, ಬಣ್ಣವೇ ಮೂರು ದಿನ. ಆ ವರ್ಷ ಮೆಸೇಜಿನಲ್ಲಿ, 09/03ಕ್ಕೆ ವಾಪಸ್ ಬರುತ್ತೇನೆ ಅಂತ ಹಾಕಿ ಹೋದೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಅಲ್ಲಿನ ಗ್ರಾಹಕರೊಬ್ಬರು ಅದನ್ನು ಸೆಪ್ಟೆಂಬರ್ 3 ಅಂತ ಓದಿಕೊಂಡು, ನಮ್ಮ ಸಾಹೇಬರಿಗೆ ಬಹಳ ಮರ್ಯಾದೆಯಿಂದ ಒಂದು ಮೇಲ್ ಬರೆದರು: ಆರು ತಿಂಗಳ ಬಣ್ಣದ ಹಬ್ಬದ ಬಗ್ಗೆ ತಿಳಿದು ಸಂತೋಷವಾಯಿತು, ಆದರೆ ನಮ್ಮ ಆರ್ಡರ್ ಯಾರು ನೋಡುತ್ತಾರೆ? ಬಾಗಲಕೋಟೆಯವರಿಗೆ ಆರು ತಿಂಗಳು ಕೊಟ್ಟರೂ ಆಡಿಯಾರು, ಅದು ಬೇರೆ ಮಾತು.

ತಮಾಷೆ: ಯಾರು ಓದುತ್ತಾರೆ ಅನ್ನುವುದರ ಮೇಲೆ

ಇಂಟರ್‌ನೆಟ್ಟಿನಲ್ಲಿ ಸಿಗುವ ತಮಾಷೆಯ ಮಾದರಿಗಳೆಲ್ಲ ಬಹುತೇಕ ಹೊರದೇಶದ ಕ್ರಿಸ್‌ಮಸ್‌ಗೆ ಬರೆದವು. ಹಿಮಸಾರಂಗ, ಸಾಂತಾನ ಚೀಲ, ಹೊಗೆಕೊಳವೆ. ಉದ್ಯಮಬಾಗದಲ್ಲಿ ಹೊಗೆಕೊಳವೆ ಬೇಕಾದಷ್ಟಿವೆ, ಆದರೆ ಅದರೊಳಗಿಂದ ಯಾರೂ ಇಳಿದು ಬರುವುದಿಲ್ಲ. ಅವನ್ನು ಎತ್ತಿ ಹಾಕಿಕೊಂಡರೆ ಯಾರದೋ ಅಂಗಿ ತೊಟ್ಟಂತೆ ಕಾಣುತ್ತದೆ.

ನಮ್ಮದೇ ತಮಾಷೆ ಮಾಡಿದರೂ ಅಪಾಯ ತಪ್ಪಿದ್ದಲ್ಲ. ಒಂದು ದೀಪಾವಳಿಗೆ ನಾನು ಹೀಗೆ ಹಾಕಿದ್ದೆ: "ಸದ್ಯ ಕುಂದಾ ತಿನ್ನುತ್ತಿದ್ದೇನೆ. ನಿಮ್ಮ ಮೇಲ್ ಇದಕ್ಕಿಂತ ಸಿಹಿಯಾಗಿದ್ದರೆ ಮಾತ್ರ ತೆರೆಯುತ್ತೇನೆ." ಬರೆದಾಗ ನನಗೇ ನಗು ಬಂದಿತ್ತು. ಅದೇ ದಿನ ಒಬ್ಬ ಗ್ರಾಹಕರ ಮೇಲ್ ಬಂತು. ನಮ್ಮ ಕಾಸ್ಟಿಂಗ್, ಅಂದರೆ ಎರಕದ ಭಾಗ, ಪ್ರೆಶರ್ ಟೆಸ್ಟಿನಲ್ಲಿ ಸೋರಿತ್ತು, ಅವರ ಉತ್ಪಾದನೆಯ ಲೈನ್ ನಿಂತಿತ್ತು. ಅವರಿಗೆ ಹೋದ ಉತ್ತರ ಕುಂದಾದ್ದು. ಅವರು ಅದನ್ನು ಸಾಹೇಬರಿಗೆ ಫಾರ್ವರ್ಡ್ ಮಾಡಿದರು, ಮೇಲೆ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಆ ಹಬ್ಬದಲ್ಲಿ ಉಳಿದ ಕುಂದಾ ನನಗೆ ಇಳಿಯಲಿಲ್ಲ.

ಅಂದಿನಿಂದ ತಮಾಷೆ ಬರೆದಾಗ ಒಂದು ಪರೀಕ್ಷೆ ಮಾಡುತ್ತೇನೆ. ಸಿಟ್ಟಿನಲ್ಲಿರುವವರು ಇದನ್ನು ಓದಿದರೆ ಹೇಗೆ? ದುಃಖದ ಸುದ್ದಿ ಕಳಿಸಿದವರಿಗೆ ಇದೇ ಹೋದರೆ ಹೇಗೆ? ತಮಾಷೆ ನನ್ನ ಮೇಲೆ ಇದ್ದರೆ ನಡೆಯುತ್ತದೆ. ಮೇಲ್ ಕಳಿಸಿದವರ ಮೇಲೆ ಇದ್ದರೆ, ಅವರ ಕೆಲಸದ ಮೇಲೆ ಇದ್ದರೆ, ನಡೆಯುವುದಿಲ್ಲ. ಕುಂದಾದ್ದು ಎರಡನೇ ಜಾತಿಯದು.

ನನ್ನ ಮತ: ತಮಾಷೆ ಆಫೀಸಿನ ಒಳಗಿನವರಿಗೆ ಇರಲಿ. ಹೊರಗಿನವರಿಗೆ ಬೇರೆ ದಾರಿ ಇದೆ.

ಹಬ್ಬದ ಮಾತೇ ಮೆಸೇಜ್ ಆದರೆ

ಆ ದಾರಿ ಇದು. ನಮ್ಮ ಕಡೆಯ ಹಬ್ಬಗಳಿಗೆ ಒಂದೊಂದು ಮಾತು, ಒಂದೊಂದು ಕೆಲಸ ಅಂಟಿಕೊಂಡೇ ಬಂದಿದೆ. ಹೊಸದಾಗಿ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ದಸರೆಯಲ್ಲಿ ಬನ್ನಿ ಎಲೆ ಕೈಗಿಟ್ಟು ಏನು ಅನ್ನುತ್ತೇವೆ? "ಬನ್ನಿ ತಗೊಂಡು ಬಂಗಾರದಂಗ ಇರೋಣ." ಇದಕ್ಕಿಂತ ಒಳ್ಳೆಯ ಮೊದಲ ಸಾಲನ್ನು ಯಾವ ಜಾಹೀರಾತಿನವರು ಬರೆದುಕೊಟ್ಟಾರು? ಸಹೋದ್ಯೋಗಿಗಳಿಗೆ:

"ಬನ್ನಿ ತಗೊಂಡು ಬಂಗಾರದಂಗ ಇರೋಣ. ನಾನು ಬನ್ನಿ ಮುಡಿಯಾಕ ಊರಿಗೆ ಹೋಗೀನಿ. ಸೋಮವಾರ ಬರ್ತೀನಿ. ಇನ್‌ವಾಯ್ಸ್ ಇದ್ರ ಅಕೌಂಟ್ಸ್‌ಗೆ ಕಳಸ್ರಿ, ಬಂಗಾರ ಇದ್ರ ನನಗ ಕಳಸ್ರಿ."

ಎಳ್ಳ ಅಮವಾಸ್ಯೆಗೆ ವಿಜಯಪುರ ಕಡೆಯವರು ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಹೊಲಕ್ಕೆ ಹೋಗುತ್ತಾರೆ. ಬುತ್ತಿ ಕಟ್ಟಿಕೊಂಡು, ಚಕ್ಕಡಿಯೋ ಟ್ರ್ಯಾಕ್ಟರೋ ಹತ್ತಿಕೊಂಡು. ನಮ್ಮ ಅಕೌಂಟ್ಸ್‌ನಲ್ಲಿರುವ ಸಿಂದಗಿಯ ಅಣ್ಣಾರು ಹಾಕಿದ್ದ ಮೆಸೇಜ್ ಇವತ್ತಿಗೂ ನನಗೆ ಎಲ್ಲಕ್ಕಿಂತ ಇಷ್ಟ:

"ಚರಗ ಚೆಲ್ಲಾಕ ಹೊಲಕ್ಕ ಹೋಗೀನಿ. ಅಲ್ಲಿ ನೆಟ್‌ವರ್ಕ್ ಇಲ್ಲ, ಸಜ್ಜಿ ರೊಟ್ಟಿ ಐತಿ. ನಾಳೆ ಮುಂಜಾನೆ ಹತ್ತಕ್ಕ ಸಿಗ್ತೀನಿ."

ನೋಡಿ, ಇದರಲ್ಲಿ ಎಲ್ಲಿದ್ದೇನೆ, ಯಾಕೆ ಫೋನಿಗೆ ಸಿಗುವುದಿಲ್ಲ, ಯಾವಾಗ ಸಿಗುತ್ತೇನೆ, ಎಲ್ಲ ಬಂತು. ನಗುವೂ ಬಂತು. ಯಾರಿಗೂ ನೋವಾಗಲಿಲ್ಲ. ನಾಗರ ಪಂಚಮಿಗೆ "ಸದ್ಯ ಜೋಕಾಲಿ ಮೇಲಿದ್ದೇನೆ, ಇಳಿದ ಮೇಲೆ ಉತ್ತರಿಸುತ್ತೇನೆ" ಅಂದರೆ ಸಾಕು, ಉಂಡಿ ತಿಂದಷ್ಟು ಸಲೀಸು. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. "ಎಳ್ಳು ಬೆಲ್ಲ ತಗೊಂಡು ಒಳ್ಳೆ ಮಾತಾಡೋಣ. ಒಳ್ಳೆ ಮಾತು ಜನವರಿ 17ರಿಂದ. ಅಲ್ಲಿತನಕ ಜಾತ್ರೆಯಲ್ಲಿದ್ದೇನೆ."

ಬೆಳಗಾವಿಯ ಗಣಪತಿ ಹಬ್ಬಕ್ಕೆ ಮಾತ್ರ ಒಂದು ಎಚ್ಚರ. ಇಲ್ಲಿ ವಿಸರ್ಜನೆಯ ಮೆರವಣಿಗೆ ರಾತ್ರಿಯಿಡೀ ನಡೆದು ಮರುದಿನಕ್ಕೂ ಹಬ್ಬುತ್ತದೆ. ಅನಂತ ಚತುರ್ದಶಿಯ ಮರುದಿನ ಮುಂಜಾನೆ ಒಂಬತ್ತಕ್ಕೆ ಬರುತ್ತೇನೆ ಅಂತ ಹಾಕಿದವರನ್ನು ನಾನು ನಂಬುವುದಿಲ್ಲ. ಯಾವ ಹಬ್ಬಕ್ಕೇ ಆಗಲಿ, ಮೆಸೇಜಿನಲ್ಲಿ ನಿಜವಾಗಿ ಬರುವ ದಿನಕ್ಕಿಂತ ಒಂದು ದಿನ ಮುಂದಿನ ತಾರೀಖು ಹಾಕಿ. ಆ ಒಂದು ದಿನ ತುಂಬಿದ ಇನ್‌ಬಾಕ್ಸ್ ಖಾಲಿ ಮಾಡಲು ಬೇಕು.

ಹೊರದೇಶದವರಿಗೆ ಬನ್ನಿಯಾಗಲಿ ಚರಗವಾಗಲಿ ಅರ್ಥವಾಗದು. ದೀಪಾವಳಿಯ ಹೆಸರು ಗೊತ್ತಿರುತ್ತದೆ. ಆದರೆ ಅದು ಒಂದು ವರ್ಷ ಅಕ್ಟೋಬರ್‌ನಲ್ಲಿ, ಇನ್ನೊಂದು ವರ್ಷ ನವೆಂಬರ್‌ನಲ್ಲಿ ಯಾಕೆ ಬರುತ್ತದೆ ಅಂತ ಗೊತ್ತಿರುವುದಿಲ್ಲ. ಕ್ರಿಸ್‌ಮಸ್ ಹಾಗೆ ಜಾಗ ಬದಲಿಸುವುದಿಲ್ಲವಲ್ಲ. ಅವರಿಗೆ ಹಬ್ಬದ ಹೆಸರಿನ ಜೊತೆ ನಮ್ಮ ಕೆಲಸವನ್ನೇ ಹೆಣೆದು ಒಂದು ಸಾಲು ಬರೆಯುವುದು ಒಳ್ಳೆಯದು. ನಾನು ಇಂಗ್ಲಿಷಿನಲ್ಲಿ ಹಾಕುವ ಸಾಲಿನ ತಿರುಳು ಇದು:

"ದೀಪಾವಳಿ, ಬೆಳಕಿನ ಹಬ್ಬ. ನಮ್ಮ ಫರ್ನೇಸ್ ಆರಿಸಿ, ಮನೆಯ ದೀಪ ಹಚ್ಚಲು ಹೋಗಿದ್ದೇವೆ. ನವೆಂಬರ್ 17, ಸೋಮವಾರ ಫರ್ನೇಸ್ ಮತ್ತೆ ಹೊತ್ತುತ್ತದೆ."

ಇದಕ್ಕೆ ಜರ್ಮನಿಯ ಗ್ರಾಹಕರೊಬ್ಬರು ಉತ್ತರ ಬರೆದಿದ್ದರು, ಮನೆಯ ದೀಪದ ಫೋಟೋ ಕಳಿಸಿ ಅಂತ. ತಾನಾಗಿ ಹೋಗುವ ಮೆಸೇಜಿಗೆ ಮನುಷ್ಯರು ಉತ್ತರ ಬರೆದರೆ ಅದು ಗೆದ್ದ ಹಾಗೆ. ಫೌಂಡ್ರಿಯವರಿಗೆ ಫರ್ನೇಸ್ ಇದ್ದಂತೆ ಇಳಕಲ್ಲಿನ ಸೀರೆಯವರಿಗೆ ಮಗ್ಗ ಇದೆ, ಅಮೀನಗಡದ ಕರದಂಟಿನವರಿಗೆ ಒಲೆ ಇದೆ. "ಮಗ್ಗಕ್ಕೂ ಹಬ್ಬ" ಅಂದರೂ ಸಾಕು.

ಪದ್ಯದ ಆಸೆ

ಹಾಡಿನ ನಾಡಿನಲ್ಲಿ ಹುಟ್ಟಿದ್ದೇವೆ, ಒಂದು ಸಲವಾದರೂ ಆಸೆ ಆಗಿಯೇ ಆಗುತ್ತದೆ. ಹೋಳಿಗೆ ನಾನು ಹೊಸೆದದ್ದು:

"ಹಲಗಿ ಸಪ್ಪಳ ಕೇಳಿ ಕಾಲು ನಿಂದ್ರವಲ್ಲವು,
ಬಣ್ಣ ಹತ್ತಿದ ಕೈ ಕೀಬೋರ್ಡ್ ಮುಟ್ಟವಲ್ಲವು.
ಸೋಮವಾರ ಮುಂಜಾನೆ ತೊಳಕೊಂಡು ಬರ್ತೀನಿ,
ಬಂದ ಮೇಲ್ ಒಂದೂ ಬಿಡದಂಗ ಓದ್ತೀನಿ."

ಸೆಕ್ಷನ್ನಿನವರಿಗೆಲ್ಲ ಖುಷಿಯಾಯಿತು. ಆದರೆ ಯಾರನ್ನು ಕೇಳಬೇಕು ಅನ್ನುವುದು ಪ್ರಾಸಕ್ಕೆ ಸಿಗದೆ ಬಿಟ್ಟುಹೋಗಿತ್ತು. ಪದ್ಯದ ಕಷ್ಟವೇ ಅದು. ನಾಲ್ಕು ಸಾಲು ಮೀರಬಾರದು, ಕೆಳಗೆ ಗದ್ಯದಲ್ಲಿ ಆ ಮೂರು ಸಂಗತಿ ಬೇರೆ ಬರೆಯಬೇಕು. ಅಷ್ಟು ಬಿಡುವಿದ್ದರೆ ಮಾಡಿ.

ಕನ್ನಡವೋ ಇಂಗ್ಲಿಷೋ ಎರಡೂವೋ

ವೇಲ್ಸ್ ದೇಶದ ಸ್ವಾನ್‌ಸಿಯಲ್ಲಿ 2008ರಲ್ಲಿ ಆದದ್ದನ್ನು ಹೇಳಲೇಬೇಕು. ಅಲ್ಲಿ ರಸ್ತೆ ಫಲಕಗಳು ಇಂಗ್ಲಿಷ್ ಮತ್ತು ವೆಲ್ಶ್ ಎರಡರಲ್ಲೂ ಇರಬೇಕು. ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಅನ್ನುವ ಫಲಕಕ್ಕಾಗಿ ನಗರಾಡಳಿತದವರು ಇಂಗ್ಲಿಷ್ ಮಾತನ್ನು ಅನುವಾದಕ್ಕೆ ಮೇಲ್ ಮಾಡಿದರು. ತಕ್ಷಣ ವೆಲ್ಶ್‌ನಲ್ಲಿ ಉತ್ತರ ಬಂತು. ಎಷ್ಟು ಬೇಗ ಅಂತ ಖುಷಿಯಾಗಿ ಅದನ್ನೇ ಫಲಕದ ಮೇಲೆ ಬರೆಸಿ ರಸ್ತೆಯಲ್ಲಿ ನಿಲ್ಲಿಸಿದರು. ಅದರಲ್ಲಿದ್ದದ್ದು ಇಷ್ಟು: "ನಾನು ಸದ್ಯ ಆಫೀಸಿನಲ್ಲಿಲ್ಲ. ಅನುವಾದದ ಕೆಲಸವಿದ್ದರೆ ಕಳಿಸಿ."

ಬೆಳಗಾವಿಯಂಥ ಊರಿನಲ್ಲಿ ಇದ್ದುಕೊಂಡು ಈ ಕಥೆಗೆ ಬರೀ ನಗಲಾಗುವುದಿಲ್ಲ. ಇಲ್ಲಿ ಒಂದೇ ದಿನ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ವ್ಯವಹಾರ ನಡೆಯುತ್ತದೆ. ಓದುವವರಿಗೆ ಬಾರದ ಭಾಷೆಯಲ್ಲಿ ಮಾತ್ರ ಉತ್ತರ ಹೋದರೆ, ಅದು ರಜೆಯ ಮೆಸೇಜ್ ಅಂತ ಕೂಡ ಅವರಿಗೆ ತಿಳಿಯುವುದಿಲ್ಲ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್, ಎರಡೂ ಮೂರು ಮೂರು ಸಾಲು ಹಾಕುವುದು ನನ್ನ ರೂಢಿ. ಹಬ್ಬದ ಸಾಲು ಕನ್ನಡದಲ್ಲಿ, ಕೆಲಸದ ಸಾಲು ಎರಡರಲ್ಲೂ. ಹಬ್ಬದ ಸಾಲನ್ನು ಪದಕ್ಕೆ ಪದ ಇಂಗ್ಲಿಷ್ ಮಾಡಲು ಹೋಗಬೇಡಿ. "ಬಂಗಾರದಂಗ ಇರೋಣ" ಅನ್ನುವುದು ಇಂಗ್ಲಿಷಿನಲ್ಲಿ ಚಿನ್ನದ ಅಂಗಡಿಯ ಜಾಹೀರಾತಾಗುತ್ತದೆ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಮೇಲ್‌ಗೆ ಅಂಟಿಸಿದರೆ ಆಚೆಯವರಿಗೆ ಅರ್ಥವಿಲ್ಲದ ವಿಚಿತ್ರ ಗುರುತುಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಬರೆಯಿರಿ.

ಒಳಗಿನವರಿಗೊಂದು, ಹೊರಗಿನವರಿಗೊಂದು

ಇಲ್ಲಿ ನೀವು ಬಳಸುವ ಸೇವೆಯೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ. ಕಂಪನಿಯ ಔಟ್‌ಲುಕ್‌ನಲ್ಲಿ ಸಂಸ್ಥೆಯ ಒಳಗಿನವರಿಗೆ ಒಂದು, ಹೊರಗಿನವರಿಗೆ ಇನ್ನೊಂದು ಅಂತ ಎರಡು ಮೆಸೇಜ್ ಬರೆಯಬಹುದು. ಸಜ್ಜಿ ರೊಟ್ಟಿ ಒಳಗೆ, ಫರ್ನೇಸ್ ಹೊರಗೆ. ಒಬ್ಬರು ಎಷ್ಟು ಸಲ ಮೇಲ್ ಕಳಿಸಿದರೂ ಆ ರಜೆಯಲ್ಲಿ ಅವರಿಗೆ ಉತ್ತರ ಹೋಗುವುದು ಒಂದೇ ಸಲ.

ಜಿಮೇಲ್‌ನ ವೆಕೇಶನ್ ರೆಸ್ಪಾಂಡರ್‌ನಲ್ಲಿ ಮೆಸೇಜ್ ಒಂದೇ. ಬೇಕಾದರೆ ನಿಮ್ಮ ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆ ಮಾತ್ರ ಹೋಗುವಂತೆ ಮಾಡಬಹುದು. ಮೊದಲ ದಿನದ ನಡುರಾತ್ರಿ 12ಕ್ಕೆ ಶುರುವಾಗಿ ಕೊನೆಯ ದಿನದ ರಾತ್ರಿ 11:59ಕ್ಕೆ ನಿಲ್ಲುತ್ತದೆ. ಅದೇ ವ್ಯಕ್ತಿ ನಾಲ್ಕು ದಿನ ಬಿಟ್ಟು ಮತ್ತೆ ಬರೆದರೆ ಮತ್ತೊಮ್ಮೆ ಉತ್ತರ ಹೋಗುತ್ತದೆ. ಹಾಗಾಗಿ ದೊಡ್ಡ ರಜೆಗೆ ಜಿಮೇಲ್‌ನಲ್ಲಿ ತಮಾಷೆ ಹಾಕಿದರೆ ಒಬ್ಬರೇ ಅದನ್ನು ಮೂರ್ನಾಲ್ಕು ಸಲ ಓದಬೇಕಾದೀತು. ಎರಡನೇ ಸಲಕ್ಕೆ ಯಾವ ಜೋಕೂ ತಾಳುವುದಿಲ್ಲ. ಜಿಮೇಲ್‌ನವರು ಹಬ್ಬದ ಮಾತಿನಲ್ಲೇ ಇರಿ.

ನಿಮ್ಮ ಮೆಸೇಜಿಗೆ ಅವರ ರಜೆಯ ಮೆಸೇಜ್ ಉತ್ತರಿಸಿ, ಅದಕ್ಕೆ ನಿಮ್ಮದು ಮತ್ತೆ ಉತ್ತರಿಸಿ, ಹೀಗೆ ಗೋಲಗುಂಬಜದ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದಂತೆ ಆಗುವುದಿಲ್ಲವೇ ಅಂತ ಮುಧೋಳದ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ತಾನಾಗಿ ಬಂದ ಮೇಲ್‌ಗೆ ತಾನಾಗಿ ಉತ್ತರ ಹೋಗಬಾರದು ಅಂತ ಆರ್‌ಎಫ್‌ಸಿ 3834 ಅನ್ನುವ ಇಂಟರ್‌ನೆಟ್ ಮೇಲ್‌ನ ನಿಯಮಾವಳಿ 2004ರಲ್ಲೇ ಹೇಳಿದೆ. ಗುಂಬಜದಲ್ಲಿ ದನಿ ಏಳು ಸಲ ತಿರುಗಿ ಬರುತ್ತದೆ ಅನ್ನುತ್ತಾರೆ. ಇಲ್ಲಿ ಒಂದೇ ಸಲಕ್ಕೆ ನಿಲ್ಲಬೇಕು.

ಅಂಗಡಿಯವರಿಗೆ ಮೇಲ್‌ಗಿಂತ ವಾಟ್ಸಾಪ್ ಬಿಸಿನೆಸ್‌ನ "ಅವೇ" (away) ಮೆಸೇಜ್, ಅಂದರೆ ನಾವಿಲ್ಲದಾಗ ತಾನಾಗಿ ಹೋಗುವ ಉತ್ತರ, ಉಪಯೋಗ. ಹಬ್ಬದ ದಿನಗಳಿಗೆ ಸಮಯ ಗೊತ್ತು ಮಾಡಿ ಇಡಬಹುದು. ಆದರೆ ನಿಮ್ಮ ಫೋನಿಗೆ ಇಂಟರ್‌ನೆಟ್ ಇದ್ದಾಗ ಮಾತ್ರ ಅದು ಹೋಗುತ್ತದೆ. ಚರಗಕ್ಕೆ ಹೊಲಕ್ಕೆ ಹೋಗುವವರು ಇದನ್ನು ನೆಚ್ಚಿಕೊಳ್ಳಬೇಡಿ.

ಹೊರಗಿನವರ ಮೆಸೇಜಿನಲ್ಲಿ "ಇಡೀ ಕುಟುಂಬ ಗೋವಾಕ್ಕೆ ಹೋಗಿದ್ದೇವೆ, 12ರವರೆಗೆ ಮನೆಗೆ ಬೀಗ" ಅಂತೆಲ್ಲ ಬೇಡ. ಅದು ಯಾರ ಕೈಗೆ ಬೇಕಾದರೂ ಹೋಗುತ್ತದೆ. ಇನ್ನು, ನಿಮ್ಮ ಬದಲು ಯಾರನ್ನು ಕೇಳಬೇಕೋ ಅವರ ಹೆಸರು ಹಾಕುವ ಮುಂಚೆ ಅವರನ್ನೇ ಕೇಳಿ. ಅವರೂ ಅದೇ ಬಸ್ಸಿನಲ್ಲಿ ಊರಿಗೆ ಹೊರಟಿರಬಹುದು. ನಮ್ಮಲ್ಲಿ ಒಮ್ಮೆ ನಾನು ಆ ಹುಡುಗನ ಹೆಸರು, ಅವನು ನನ್ನ ಹೆಸರು ಹಾಕಿದ್ದೆವು. ಅದಕ್ಕೇ ಈಗ ಡಿಸ್ಪ್ಯಾಚ್‌ನ ವಿಳಾಸ ಹಾಕುವುದು, ಅಲ್ಲಿ ಸರದಿಯ ಮೇಲೆ ಒಬ್ಬರು ಇದ್ದೇ ಇರುತ್ತಾರೆ.

ಮೂರನೇ ಸಂಗತಿ: ಬಂದ ಮೇಲ್ ಏನಾಗುತ್ತದೆ?

ಇದನ್ನು ಬರೆಯುವವರೇ ಕಡಿಮೆ. ನಮಗೆ ಡಿಸೆಂಬರ್‌ನಲ್ಲಿ ಬರುವ ಜರ್ಮನ್ನರ ಮೆಸೇಜುಗಳಲ್ಲಿ "ನಿಮ್ಮ ಮೇಲ್ ಬೇರೆಯವರಿಗೆ ಫಾರ್ವರ್ಡ್ ಆಗುವುದಿಲ್ಲ" ಅನ್ನುವ ಸಾಲು ಮೇಲಿಂದ ಮೇಲೆ ಕಾಣುತ್ತದೆ. ಮೊದಮೊದಲು ಒರಟು ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಕಾಯಬೇಕೋ ಬೇರೆಯವರಿಗೆ ಬರೆಯಬೇಕೋ ಅನ್ನುವುದು ಆ ಒಂದು ಸಾಲಿನಿಂದ ಖಚಿತವಾಗುತ್ತದೆ. ಅಲ್ಲಿನ ಡೈಮ್ಲರ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ರಜೆಯಲ್ಲಿದ್ದವರು ಬಯಸಿದರೆ ಅವರಿಗೆ ಬಂದ ಮೇಲ್ ತಾನಾಗಿ ಅಳಿಸಿಹೋಗುವ ಏರ್ಪಾಡು. ಕಳಿಸಿದವರಿಗೆ ಆ ಸಂಗತಿ ತಿಳಿಸಿ, ಬದಲಿಯವರ ವಿಳಾಸ ಕೊಡುತ್ತಿತ್ತು. ಜರ್ಮನಿಯ ಸುಮಾರು 1 ಲಕ್ಷ ನೌಕರರಿಗೆ ಈ ಸವಲತ್ತು ಇದೆ ಅಂತ 2014ರಲ್ಲಿ ಸುದ್ದಿಯಾಗಿತ್ತು.

ಇದನ್ನು ನಮ್ಮ ಸಾಹೇಬರಿಗೆ ತೋರಿಸಿದೆ. "ಇಲ್ಲಿ ಮಾಡೋಣೇನ್ರೀ ಸಾಹೇಬ್ರ?" ಅಂದೆ. ಅವರು ಕನ್ನಡಕ ತೆಗೆದು, "ಮಾಡ್ರಿ, ಆದ್ರ ಮೊದಲು ನನ್ನ ಮೇಲ್ ಅಳಿಸಿ ತೋರಸ್ರಿ" ಅಂದರು. ಸುಮ್ಮನೆ ಬಂದೆ. ನಮ್ಮಲ್ಲಿ ನಡೆಯುವುದು ನಡುವಿನ ದಾರಿ: "ನಿಮ್ಮ ಮೇಲ್ ಇಲ್ಲೇ ಇರುತ್ತದೆ, ಬಂದ ಮೇಲೆ ಓದುತ್ತೇನೆ. ನಾಲ್ಕು ದಿನ ಕಾಯಲಾಗದ್ದಿದ್ದರೆ ಡಿಸ್ಪ್ಯಾಚ್‌ಗೂ ಕಳಿಸಿ." ಅರ್ಜೆಂಟ್ ಇದ್ದರೆ ಫೋನ್ ಮಾಡಿ ಅಂತ ಮೊಬೈಲ್ ನಂಬರ್ ಕೊಡಬೇಡಿ. ನಂಬರ್ ಸಿಕ್ಕರೆ ಎಲ್ಲವೂ ಅರ್ಜೆಂಟೇ.

ಕೊನೆಗೆ ಹಾಕಿದ ಮೇಲೆ ನಿಮ್ಮ ಸ್ವಂತ ಇನ್ನೊಂದು ಮೇಲ್‌ನಿಂದ ನಿಮಗೇ ಒಂದು ಸಾಲು ಕಳಿಸಿ ನೋಡಿ. ಒಂದು ನಿಮಿಷದ ಕೆಲಸ. ವರ್ಷ ಸರಿ ಇದೆಯಾ, ಹೊರಗಿನವರಿಗೆ ಹೊರಗಿನದ್ದೇ ಹೋಯಿತಾ ಅಂತ ಗೊತ್ತಾಗುತ್ತದೆ. ಮುಧೋಳದ ಹುಡುಗನಿಗೂ ಈ ಸಲ ಹಾಗೇ ಮಾಡಿಸಿದೆ. ನೋಡಿದ, ಎರಡು ಸಲ ಓದಿದ. "ಬರೋಬರಿ ಐತ್ರಿ ಅಕ್ಕಾರ" ಅಂದ. ಅಷ್ಟರಲ್ಲಿ ಬಸ್ ಹೋಗಿತ್ತು. ಮುಂದಿನದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು, ಇಬ್ಬರೂ ಕೂತು ಚಹಾ ಕುಡಿದೆವು.